ಉಂಡೆಯ ತೂಕ

ತಿಪಟೂರು
ಗುರುವಾರ, 14 ನವೆಂಬರ್ 2024

ಸುವರ್ಣಾ,

ನಾನು ಚೆನ್ನಾಗಿದ್ದೇನೆ, ಊಟ ತಿಂಡಿ ಆಗುತ್ತಿದೆ. ನೀನು ಕೇಳಿಲ್ಲ, ಆದರೂ ಬರೆದಿದ್ದೇನೆ. ಈ ವಿಷಯವನ್ನು ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಮಾಡಿದೆ. ಮೂರು ಸಲವೂ ನೀನು “ತಡೀರಿ, ಉಂಡೆ ನಿಮ್ ದನಿ ಕೇಳ್ಲಿ” ಎಂದು ಫೋನನ್ನು ಅದರ ಕಿವಿಗೆ ಹಿಡಿದೆ. ಇದು ನಾಯಿಯ ಕಿವಿಗೆ ಹೇಳುವಂಥದ್ದಲ್ಲ. ಅದಕ್ಕೇ ನಮ್ಮ ಡ್ರೈವರ್ ಬೀರೇಶನ ಕೈಲಿ ಕಾಗದ ಕಳಿಸುತ್ತಿದ್ದೇನೆ.

ನಿನ್ನೆ ನಿನ್ನ ತಮ್ಮ ಶಿವಣ್ಣ ಕೊಬ್ಬರಿ ಹಾಕಲು ಮಂಡಿಗೆ ಬಂದಿದ್ದ. “ಭಾವ, ಅಕ್ಕ ನಾಯಿಗೆ ಹೊತ್ತಿಗೆ ಎರಡು ಚಮಚ ಅಂಬಲಿ ಕೊಟ್ಟು ತೋಟದ ಸುತ್ತ ನಡೆಸ್ತಾವ್ಳೆ. ಅದು ಮುಖ ನೋಡ್ತದೆ ಅಂತ ತಾನೂ ಸರಿಯಾಗಿ ಉಣ್ತಿಲ್ಲ” ಅಂದ. ಇಪ್ಪತ್ತನೇ ತಾರೀಕಿನ ವಿಮಾನಕ್ಕೆ ಅದನ್ನು ಒಂದು ಕೆಜಿ ಇಳಿಸಬೇಕೆಂದು ಹಟ ಹಿಡಿದಿದ್ದೀಯಂತೆ. ನಮ್ಮ ಮನೆಯಲ್ಲಿದ್ದರೆ ಎಲ್ಲಿ ಬಾಯಿ ಹಾಕಿದರೂ ಕೊಬ್ಬರಿ ಸಿಗುತ್ತದೆ ಎಂದೇ ತವರಿಗೆ, ಹೊನ್ನವಳ್ಳಿಗೆ ಹೋದೆಯಂತೆ.

ನೇರವಾಗಿ ಬರೆಯುತ್ತೇನೆ. ಉಂಡೆ ದಪ್ಪಗಾಗಿಲ್ಲ. ಹೋದ ಸಲ ಹೊರಡುವ ಹಿಂದಿನ ದಿನ ಮಂಡಿಯಲ್ಲಿ ಅದನ್ನು ವಿಮಾನದಲ್ಲಿ ಕೂರಿಸುವ ಚೀಲದ ಸಮೇತ ತೂಗಿದಾಗ ಏಳೂವರೆ ಕೆಜಿ ಬಂತಲ್ಲ, ಅದು ಸುಳ್ಳು ತೂಕ. ಚೀಲ ಸೇರಿ ಎಂಟು ಕೆಜಿ ದಾಟಿದರೆ ಸೀಟಿನ ಹತ್ತಿರ ಬಿಡುವುದಿಲ್ಲ ಎಂದು ವಿಮಾನದವರು ಮೊದಲೇ ಹೇಳಿದ್ದರು. ನೀನು ಅಂಕಿ ನೋಡಲು ಬಗ್ಗಿದೆ. ನಾನು ನಾಯಿ ಅಲುಗಾಡದಿರಲಿ ಅನ್ನುವವನ ಹಾಗೆ ಚೀಲದ ಪಟ್ಟಿ ಹಿಡಿದು ಮೇಲಕ್ಕೆ ಎಳೆದಿದ್ದೆ. ಒಂದು ಕೆಜಿ ನಾನೂರು ಗ್ರಾಂ ನನ್ನ ಎರಡು ಬೆರಳಲ್ಲಿತ್ತು.

ಈ ಬೆರಳಿನಾಟ ನೋಡಿದ್ದು ಹಳೆಯದು, ಆಡಿದ್ದು ಹೊಸದು. ಹಮಾಲಿಯಾಗಿ ಚೀಲ ಹೊರುತ್ತಿದ್ದ ಕಾಲದಲ್ಲಿ ದಿನವೂ ನೋಡುತ್ತಿದ್ದೆ. ನನ್ನದೇ ಮಂಡಿ ಹಾಕಿದರೆ ತಕ್ಕಡಿಯ ಹತ್ತಿರ ಕೈ ತರುವುದಿಲ್ಲ ಅಂದುಕೊಂಡೆ, ಮೂವತ್ತೊಂದು ವರ್ಷ ತರಲಿಲ್ಲ. ಹಂದನಕೆರೆ, ಕೆಂಕೆರೆಯ ರೈತರು ನಾಲ್ಕು ಮಂಡಿ ದಾಟಿ ನನ್ನಲ್ಲಿಗೆ ಬರುವುದು ಅದಕ್ಕೇ. ಕೊನೆಗೆ ಕೈ ತಂದದ್ದು ಒಂದು ನಾಯಿಯ ಮೇಲಿನ ಹೊಟ್ಟೆಕಿಚ್ಚಿಗೆ. ಇದಕ್ಕಿಂತ ಮರ್ಯಾದೆಯ ಹೆಸರು ಹುಡುಕಿದೆ, ಸಿಗಲಿಲ್ಲ.

ನವೆಂಬರಿನಲ್ಲಿ ತಂಗಿಗೆ ಸೊಂಟದ ಆಪರೇಷನ್, ಜರ್ಮನಿಗೆ ಹೋಗಿ ಮೂರು ತಿಂಗಳು ಜೊತೆಗಿರಬೇಕು ಎಂದು ನೀನು ಜೂನಿನಲ್ಲಿ ಹೇಳಿದೆ. ಹೋಗಿ ಬಾ ಅಂದೆ. ಮನಸ್ಸಿನಿಂದಲೇ ಅಂದೆ. ಆಮೇಲೆ ನೀನು, “ಉಂಡೇನೂ ಕರ್ಕಂಡ್ ಹೋಗ್ತೀನಿ ಕಣ್ರೀ, ನಾನಿಲ್ದಿದ್ರೆ ಅದು ಊಟ ಬಿಡ್ತದೆ” ಅಂದೆ. ನಾನು ಊಟ ಬಿಡುವ ಜಾತಿಯಲ್ಲ, ಅದೇ ನನ್ನ ತಪ್ಪಾಯಿತು. ಅಲ್ಲಿಂದ ಶುರುವಾಯಿತು ನೋಡು. ಅದರ ಕುತ್ತಿಗೆಯಲ್ಲಿ ಚಿಪ್, ರೇಬೀಸ್ ಚುಚ್ಚುಮದ್ದು, ರಕ್ತ ಪರೀಕ್ಷೆ, ಪರೀಕ್ಷೆಯಾದ ಮೇಲೆ ಮೂರು ತಿಂಗಳು ಕಾಯುವುದು. ಅಷ್ಟೂ ಕಾಗದಕ್ಕೆ ಒಂದು ಫೈಲು, ಫೈಲಿನ ಮೇಲೆ ನಿನ್ನ ಮುದ್ದಾದ ಅಕ್ಷರದಲ್ಲಿ ‘ಉಂಡೆ ಟಿ.’ ನನ್ನ ಇನಿಷಿಯಲ್ಲೂ ಅದಕ್ಕೇ ಹೋಯಿತು. ಒಂದು ಸಂಜೆ ಚಪ್ಪಲಿ ಬಿಡುತ್ತಿದ್ದೆ, ಒಳಗಿಂದ “ಹಸಿವಾಯ್ತೇನೋ ನನ್ ಬಂಗಾರ” ಎಂದು ಕೇಳಿಸಿತು. ಹೂಂ ಅಂದೆ. ನೀನು ನಕ್ಕು, “ನಿಮಗಲ್ಲ ಕಣ್ರೀ” ಅಂದೆ. ನಿನಗೆ ಅದು ಮರೆತೇ ಹೋಗಿರಬೇಕು.

ಬಿಟ್ಟು ಹೋಗುವುದಾದರೆ ಇಬ್ಬರನ್ನೂ ಬಿಟ್ಟು ಹೋಗಲಿ, ಇಷ್ಟೇ ನನ್ನ ಲೆಕ್ಕ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಾಯಿಯನ್ನು ತಡೆಯುತ್ತಾರೆ, ನೀನು ಅದನ್ನು ಹೊರಗೆ ತಂದು ನನಗೆ ಕೊಟ್ಟು ಹೋಗುತ್ತೀಯ ಎಂದುಕೊಂಡು ಬಾಗಿಲ ಎದುರೇ ನಿಂತಿದ್ದೆ. ಬೀರೇಶ “ಹೊರಡಾನ ಅಣ್ಣ” ಎಂದು ಎರಡು ಸಲ ಅಂದ. ಮುಕ್ಕಾಲು ಗಂಟೆಗೆ ನಾಯಿ ಬಂತು, ಸೂಟ್‌ಕೇಸುಗಳು ಬಂದವು, ನೀನೂ ಬಂದೆ. ನನ್ನನ್ನು ಬಿಟ್ಟು ಒಳಗೆ ಹೋಗಲು ನಿನಗೆ ಅರ್ಧ ನಿಮಿಷ ಹಿಡಿದಿರಲಿಲ್ಲ. ನಾಯಿಯನ್ನು ಬಿಡಲಾರದೆ ನೀನು ವಿಮಾನವನ್ನೇ ಬಿಟ್ಟಿದ್ದೆ.

ಕಾರಿನಲ್ಲಿ ನೀನು ಅಳುತ್ತಾ, “ಹೊರಡೋ ಖುಷೀಲಿ ಜಾಸ್ತಿ ತಿನ್ನಿಸ್ಬಿಟ್ಟೆ, ನಂದೇ ತಪ್ಪು” ಅಂದೆ. ನಾನು “ಇರಬಹುದು” ಅಂದೆ. ಪಟ್ಟಿ ಎಳೆದದ್ದಕ್ಕಿಂತ ಕೆಟ್ಟದ್ದು ಆ ಒಂದು ಮಾತು. ಒಂದೇ ದಿನಕ್ಕೆ ಯಾವ ನಾಯಿಯೂ ಒಂದು ಕೆಜಿ ನಾನೂರು ಗ್ರಾಂ ಏರುವುದಿಲ್ಲ ಸುವರ್ಣಾ. ನನ್ನ ತಕ್ಕಡಿಯನ್ನು ಅನುಮಾನಿಸುವುದಕ್ಕಿಂತ ನಾಯಿ ಅಷ್ಟು ಏರಿತೆಂದು ನಂಬುವುದೇ ನಿನಗೆ ಸುಲಭವಾಯಿತು.

ನೀನು ಹೇಳದೆ ಬಿಟ್ಟದ್ದನ್ನು ನಿನ್ನೆ ಶಿವಣ್ಣ ಹೇಳಿದ. ಕೌಂಟರಿನ ಹುಡುಗಿ ಎಂಟು ಕೆಜಿ ಒಂಬೈನೂರು ಅಂದಾಗ ನೀನು ಅಷ್ಟು ಜನರ ಮುಂದೆ, “ಇದು ನಮ್ಮೆಜಮಾನ್ರು ತೂಗಿರೋದು ಕಣಮ್ಮ. ತಿಪಟೂರಲ್ಲಿ ಯಾರನ್ ಬೇಕಾದ್ರೂ ಕೇಳು. ನಿಮ್ ಮಿಷನ್ನೇ ಸರಿ ಮಾಡಿಸ್ಕಳಿ” ಎಂದು ಜಗಳ ಆಡಿದೆಯಂತೆ. ಮದುವೆಯಾದ ಮೇಲೆ ನನ್ನ ಪರವಾಗಿ ನೀನು ಆಡಿದ ದೊಡ್ಡ ಜಗಳ ಅದು. ಆಗ ನಾನು ಗಾಜಿನ ಆಚೆ ನಿಂತು ನಾಯಿ ವಾಪಸ್ ಬರಲಿ ಎಂದು ಕಾಯುತ್ತಿದ್ದೆ.

ನಿನ್ನೆಯಿಂದ ತುತ್ತು ಇಳಿಯುತ್ತಿಲ್ಲ. ಮೇಲೆ ಊಟ ತಿಂಡಿ ಆಗುತ್ತಿದೆ ಎಂದು ಬರೆದದ್ದನ್ನು ಹೊಡೆದುಹಾಕಿಕೋ.

ಇವತ್ತು ಬೆಳಿಗ್ಗೆ ಕಾರಿನಲ್ಲೇ ಉಳಿದಿದ್ದ ಆ ಖಾಲಿ ಚೀಲವನ್ನು ತೂಗಿಸಿದೆ. ಅದೊಂದೇ ಎರಡು ಕೆಜಿ ಐವತ್ತು ಗ್ರಾಂ. ನಮ್ಮಲ್ಲಿ ಚೀಲದ ತೂಕ ಕಳೆದು ಮಾಲಿನ ತೂಕ, ವಿಮಾನದವರಿಗೆ ಚೀಲವೂ ಮಾಲೇ. ಇಷ್ಟು ವರ್ಷ ಚೀಲದ ತೂಕ ಕಳೆದವನಿಗೆ, ಚೀಲ ಹಗುರಾದರೆ ಸಾಕೆಂದು ಮೊದಲ ದಿನವೇ ಹೊಳೆದಿತ್ತು, ಬಾಯಿ ಬಿಡಲಿಲ್ಲ. ನಮ್ಮ ಚೀಲ ಹೊಲಿಯುವ ಗಿಡ್ಡಯ್ಯನಿಗೆ ಅದೇ ಅಳತೆಯಲ್ಲಿ ತೆಳು ಬಟ್ಟೆ, ಬಲೆ ಹಾಕಿ ಹೊಸದು ಹೊಲಿಯಲು ಹೇಳಿದೆ. “ಯಾರಿಗಣ್ಣ?” ಅಂದ. ನಾಯಿಗೆ, ಜರ್ಮನಿಗೆ ಹೋಗುತ್ತದೆ ಅಂದೆ. “ನಾಯಿ ಹೋಯ್ತದಾ? ನೀವು ಹೋಗಲ್ವಾ?” ಅಂದ. ಸುಮ್ಮನೆ ಹೊಲಿಯಪ್ಪ ಅಂದೆ.

ಈ ಕಾಗದದ ಜೊತೆ ಕಳಿಸಿರುವ ಹೊಸ ಚೀಲ ಎಂಟುನೂರೈವತ್ತು ಗ್ರಾಂ. ತೂಗಿದ್ದು ಬೀರೇಶ, ನಾನು ಬಾಗಿಲ ಹೊರಗೆ ನಿಂತಿದ್ದೆ. ನಾಯಿ ಸೇರಿ ಏಳು ಕೆಜಿ ಏಳುನೂರಾಗುತ್ತದೆ. ನಂಬಿಕೆ ಬಾರದಿದ್ದರೆ ಹೊನ್ನವಳ್ಳಿಯಲ್ಲೇ ಯಾವ ಅಂಗಡಿಯಲ್ಲಾದರೂ ತೂಗಿಸಿ ನೋಡು, ನನಗೆ ಬೇಜಾರಿಲ್ಲ. ಇವತ್ತೇ ಅದಕ್ಕೆ ಹೊಟ್ಟೆ ತುಂಬ ಹಾಕು, ನೀನೂ ಉಣ್ಣು. ಇಪ್ಪತ್ತೈದಕ್ಕೆ ಆಪರೇಷನ್ ಇರುವಾಗ ತಂಗಿಯ ಮುಂದೆ ಸೊರಗಿದ ಮುಖ ಇಟ್ಟುಕೊಂಡು ನಿಲ್ಲಬೇಡ.

ಇನ್ನು ಮೇಲೆ ನನ್ನ ತಕ್ಕಡಿಯ ಪರವಾಗಿ ನೀನು ಯಾರ ಹತ್ತಿರವೂ ಜಗಳ ಆಡುವುದಿಲ್ಲ ಎಂದು ಗೊತ್ತಿದ್ದೇ ಬರೆದಿದ್ದೇನೆ. ಶಿವಣ್ಣನಿಗೆ ಹೇಳುವುದು, ಬಿಡುವುದು ನಿನಗೆ ಸೇರಿದ್ದು. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಅದೂ ಸುಳ್ಳು ತೂಕವೇ. ಹೋಗಿಲ್ಲ.

ನಿನ್ನ,
ತೋಂಟದಾರ್ಯ

ಮತ್ತೆ: ಜುಲೈನಲ್ಲಿ ಮಾಲು ನೋಡಲು ತುಮಕೂರಿಗೆ ಹೋಗಿದ್ದೆ ಅಂದಿದ್ದೆನಲ್ಲ, ಅಲ್ಲಿ ಯಾವ ಮಾಲೂ ಇರಲಿಲ್ಲ. ಪಾಸ್‌ಪೋರ್ಟ್ ಮಾಡಿಸಲು ಹೋಗಿದ್ದೆ. ವಿಚಾರಣೆಗೆ ಬಂದ ಪೊಲೀಸಿನವರನ್ನೂ ನಿನಗೆ ಗೊತ್ತಾಗದಂತೆ ಮಂಡಿಗೇ ಕರೆಸಿಕೊಂಡೆ. ಅದು ಬಂದು ಮೂರು ತಿಂಗಳಾಯಿತು, ಬೀರುವಿನಲ್ಲಿ ನನ್ನ ಶರಟುಗಳ ಕೆಳಗಿದೆ. ವೀಸಾಕ್ಕೆ ಹಾಕಿಲ್ಲ. ನೀನು ‘ನೀವೂ ಬನ್ನಿ’ ಅನ್ನಲಿ ಎಂದು ಕಾದಿದ್ದೆ.