ನಿಮ್ಮ ಮೂರು ಬುರುಜಿನ ಸೇತುವೆ

ಏನ್ರೀ,

ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮನ್ನು ಬಿಟ್ಟು ನಿಮ್ಮ ಸೇತುವೆ ನೋಡಿಕೊಂಡು ಬಂದೆ. ಫ್ರಾನ್ಸಿನ ಕಾಓರ್‌ನಲ್ಲಿದೆ ಅಂತ ಪೊಮೊನಾದ ಕ್ಲಾಸಿನಲ್ಲಿ ನಿಮ್ಮ ಹುಡುಗರಿಗೆ ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದಿರಲ್ಲ, ಅದೇ ಮೂರು ಬುರುಜಿನ ಹಳೇ ಕಲ್ಲು ಸೇತುವೆ.

ಕೋವಿಡ್ ಮುಗಿದ ವರ್ಷ ಇಬ್ಬರೂ ಹೋಗಿ ಅದನ್ನು ನೋಡಿಬರೋಣ ಅಂತ ನೀವು ಹೊರಟಿದ್ದು ನೆನಪಿದೆಯಾ? ನಿಮ್ಮ ಹಾರ್ಟಿಗೆ ಸ್ಟೆಂಟ್ ಹಾಕಿದ ಡಾಕ್ಟರೇ "ಆರಾಮಾಗಿ ಹೋಗ್ಬನ್ನಿ" ಅಂದಿದ್ದರು. ನೀವು ದಿನವೂ ಕೇಳುತ್ತಿದ್ದಿರಿ, "ಏನೇ, ನಿನ್ನ ಪಾಸ್‌ಪೋರ್ಟ್ ಬಂತೇನೇ?" ನಾನು "ಇನ್ನೂ ಇಲ್ಲಾರೀ" ಅನ್ನುತ್ತಿದ್ದೆ. ಬಂದು ವಾರವಾಗಿತ್ತು. ಹೊಸದಲ್ಲವೇ ಅಂತ ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿ ಹಾಸಿದ ಬಟ್ಟೆಯ ಕೆಳಗೆ ಬಚ್ಚಿಟ್ಟಿದ್ದೆ. ಆಮೇಲೆ ನೀವು ಕೇಳುವುದನ್ನೇ ಬಿಟ್ಟಿರಿ. ಒಂದು ಪಾರ್ಸೆಲ್ ಬರಬೇಕಾದರೆ ಹತ್ತು ಸಲ ಟ್ರ್ಯಾಕ್ ಮಾಡುವವರು, ಇದನ್ನು ಒಂದು ಸಲವೂ ಚೆಕ್ ಮಾಡಲಿಲ್ಲವಲ್ಲ... ನನ್ನ ದಡ್ಡ ತಲೆಗೆ ಆಗಲೂ ಹೊಳೆಯಲಿಲ್ಲ. ದೀಪಾವಳಿಗೆ ಮುಂಚೆ ನಮ್ಮನ್ನೆಲ್ಲ ಬಿಟ್ಟು ನೀವೇ ಹೊರಟುಬಿಟ್ಟಿರಿ, ಸ್ಯಾನ್ ಡಿಯಾಗೊದ ಇದೇ ಫೋರ್ ಎಸ್ ರ್ಯಾಂಚ್ ಮನೆಯಿಂದ.

ಸೇತುವೆಯ ಮೇಲೆ ಗಾಳಿ ಅಂದರೆ ಗಾಳಿ. ಮಗಳು ಅನನ್ಯಾಳನ್ನು ಅವಳ ಗ್ಲೆಂಡೇಲ್ ಆಫೀಸಿನವರು ಕೆಲಸಕ್ಕೆ ಅಂತ ಪ್ಯಾರಿಸ್ಸಿಗೆ ಕಳಿಸಿದ್ದರಿಂದ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಬಾಣ ಬಿಡುವ ಕಿಂಡಿ ತೋರಿಸಿ, ಇಷ್ಟೆಲ್ಲ ಭದ್ರ ಮಾಡಿದರೂ ಶತ್ರುಗಳು ಯಾರೂ ಬರಲೇ ಇಲ್ಲವಂತೆ ಅಂದಳು. ಯಾಕೋ ತಡೆಯಲಾಗಲಿಲ್ಲ ರೀ. ಕಲ್ಲಿಗೊರಗಿ ಅತ್ತುಬಿಟ್ಟೆ. "ಅಪ್ಪಂಗೆ ನಾನೇ ಮೋಸ ಮಾಡ್ದೆ ಕಣೇ, ಪಾಸ್‌ಪೋರ್ಟ್ ಮನೇಲೇ ಇತ್ತು" ಅಂತ ಎಲ್ಲ ಒಪ್ಪಿಕೊಂಡೆ.

ಅವಳು ನನ್ನ ಕೈ ಹಿಡಿದುಕೊಂಡು, "ಅಮ್ಮಾ, ಹೀ ನ್ಯೂ. ಅಪ್ಪಂಗೆ ಗೊತ್ತಿತ್ತು" ಅಂದಳು.

ದಿನಾ ಪೂಜೆ ಮಾಡುವವರು ನೀವು, ಆ ಬಟ್ಟೆ ಒಗೆದು ಹಾಸುವವರೂ ನೀವೇ. ಇಷ್ಟು ವರ್ಷ ಸಂಸಾರ ಮಾಡಿ ಅದೊಂದು ನೆನಪಾಗಲಿಲ್ಲವಲ್ಲ ನನಗೆ! ಪಾಸ್‌ಪೋರ್ಟ್ ಕಂಡ ದಿನವೇ ಮಗಳಿಗೆ ಫೋನಿನಲ್ಲಿ ಹೇಳಿದಿರಂತೆ: "ಅಮ್ಮಂಗೆ ಫ್ಲೈಟ್ ಅಂದ್ರೆ ಭಯ ಕಣೇ. ಬಿಡು, ಏನೂ ಕೇಳ್ಬೇಡ." ಅಷ್ಟು ದೊಡ್ಡ ಆಸೆಯನ್ನು ಹೇಗೆ ನುಂಗಿಕೊಂಡಿರಿ? ಒಂದು ಸಲ ನನ್ನನ್ನು ಬೈಯಬಾರದಿತ್ತಾ?

ಫ್ಲೈಟಿನ ಭಯ ಅಲ್ಲ ರೀ. ಅದು ನಿಮಗೆ ಕೊನೆಗೂ ಗೊತ್ತಾಗಲಿಲ್ಲ. ಗುರುತು ಪರಿಚಯ ಇಲ್ಲದ ಊರಿನಲ್ಲಿ ನಿಮಗೆ ಏನಾದರೂ ಆಗಿಬಿಟ್ಟರೆ, ನಾನೊಬ್ಬಳೇ ವಾಪಸ್ ಬರಬೇಕಾಗುತ್ತದಲ್ಲ ಅಂತ ಹೆದರಿದ್ದೆ. ಅನನ್ಯಾ ಕೆಲಸ ಮುಗಿಯದೆ ಪ್ಯಾರಿಸ್ಸಿನಲ್ಲೇ ಉಳಿದಳು. ನಿನ್ನೆ ಸ್ಯಾನ್ ಡಿಯಾಗೊಗೆ ಒಬ್ಬಳೇ ವಾಪಸ್ ಬಂದೆ, ರೀ.