ಬಲಗೈಗೇ ಹೊಡೆ

ಪ್ರೀತಿಯ ತಮ್ಮನಿಗೆ,

ನಿನ್ನೆ ವಿಡಿಯೋ ಗೇಮಿನಲ್ಲಿ ನಾನು ನಿನ್ನ ರೋಬೋಟಿನ ತಲೆ ಕಿತ್ತೆ, ಎದೆ ಸೀಳಿದೆ. ಎಣ್ಣೆ ಚಿಮ್ಮಿದ್ದು ನಮ್ಮ ಕಾರ್ಖಾನೆಯಲ್ಲಿ ಚಿಮ್ಮುವ ಹಾಗೇ ಇತ್ತು. ಆದರೆ ಮೂರು ಸುತ್ತಿನಲ್ಲೂ ನಿನ್ನ ಗರಗಸ ನನ್ನ ರೋಬೋಟಿನ ಬಲಗೈಯನ್ನು ಮುಟ್ಟಲೇ ಇಲ್ಲ. ಕೊನೆಗೆ, “ನೀನೇ ಗೆದ್ದೆ ಬಿಡಕ್ಕಾ,” ಅಂದುಬಿಟ್ಟೆ. ನನ್ನ ಕಣ್ಣಿಗೆ ಮಣ್ಣೆರಚಬೇಡ.

ಆ ದಿನ ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿನ ಗುಂಡಿ ಒತ್ತಿದವನು ನೀನು, ನಿಜ. ಕೆಲಸ ಬೇಗ ಮುಗಿಯಲೆಂದು ರಕ್ಷಣೆಯ ಜಾಲರಿ ಬಿಚ್ಚಿಟ್ಟು ಒಳಗೆ ಬಲಗೈ ಹಾಕಿದವಳು ನಾನು.

ಈಗ ಆಡುವುದೂ ಬರೆಯುವುದೂ ಎಡಗೈಯಲ್ಲೇ. ಅಕ್ಷರ ಸೊಟ್ಟಗಿದ್ದರೆ ನಗು, ಪರವಾಗಿಲ್ಲ. ಭಾನುವಾರ ತಪ್ಪದೆ ಬಾ. ಬಂದವನೇ ಮೊದಲು ನನ್ನ ರೋಬೋಟಿನ ಬಲಗೈಯನ್ನು ಬುಡಸಮೇತ ಕತ್ತರಿಸಿ ಹಾಕು. ಮುಂದಿನ ಸುತ್ತಿಗೆ ಅದಕ್ಕೆ ಹೊಸ ಕೈ ಬರುತ್ತದೆ.

ನಿನ್ನನ್ನು ಚಿಂದಿ ಮಾಡಲು ಕಾದಿರುವ,
ಅಕ್ಕ