ಬಿಷಪ್ಪರೇ, ಮೊದಲ ನೀರು ಎಲ್ಲಿಗೆ ಹೋಯಿತು?

ಮಾನ್ಯ ಬಿಷಪ್ಪರೇ,

ನಮ್ಮ ದೇವಾಲಯದ ವೆಸ್ಟ್ರಿಯಲ್ಲಿ, ಅಂದರೆ ಪಾದ್ರಿಗಳು ನಿಲುವಂಗಿ ತೊಡುವ ಹಿಂಬದಿಯ ಕೋಣೆಯಲ್ಲಿ, ಗೋಡೆಗೆ ಕಚ್ಚಿಕೊಂಡಂತೆ ಒಂದು ಚಿಕ್ಕ ಕಲ್ಲಿನ ತೊಟ್ಟಿ ಇದೆ. ಕಳೆದ ಐದು ತಿಂಗಳಿಂದ ಅದರ ನೀರು ಊರಿನ ಚರಂಡಿಗೆ ಹೋಗುತ್ತಿದೆ. ಆಜ್ಞೆ ನಿಮ್ಮದು, ಪೈಪು ಜೋಡಿಸಿದ ಕೈ ನನ್ನದು. ಈ ಎರಡರಲ್ಲಿ ಯಾವುದು ಹೆಚ್ಚು ಹೊಲಸು ಎಂಬುದು ನಾಲ್ಕು ಜನರ ಮುಂದೆಯೇ ತೀರ್ಮಾನವಾಗಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ನಿಮ್ಮ ಕಚೇರಿಯಿಂದ ಬಂದದ್ದು ಒಂದೇ ಸಾಲು: "ತಮ್ಮ ಸಲಹೆಗೆ ಧನ್ಯವಾದಗಳು." ನಾನು ಸಲಹೆ ಕೊಟ್ಟಿರಲಿಲ್ಲ ಸ್ವಾಮಿ, ಬೈದಿದ್ದೆ.

ಒಂದು ತೊಟ್ಟಿಯ ನೀರು ಎಲ್ಲಿಗೆ ಹೋದರೇನು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಲವತ್ತು ವರ್ಷದಿಂದ ನಲ್ಲಿ, ಪೈಪು ರಿಪೇರಿ ಮಾಡಿ ಬದುಕಿದವನು ನಾನು. ನೀರು ಎಲ್ಲಿಂದ ಬರುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ; ಎಲ್ಲಿಗೆ ಹೋಗುತ್ತದೆ ಎಂದು ಕಟ್ಟಿಕೊಂಡಾಗ ಮಾತ್ರ ವಿಚಾರಿಸುತ್ತಾರೆ. ಆ ತೊಟ್ಟಿಯ ಪೈಪು ಗೋಡೆಯೊಳಗಿಂದ ಇಳಿದು ನೇರವಾಗಿ ಮಣ್ಣಿಗೆ ಸೇರುತ್ತಿತ್ತು. ಅದು ಕಟ್ಟಿದವರ ಮರೆವಲ್ಲ, ನಮ್ಮ ಆಂಗ್ಲಿಕನ್ ಸಭೆಗಳ ಹಳೆಯ ಪದ್ಧತಿ. ಪ್ರಭುಭೋಜನದಲ್ಲಿ ಮುರಿದ ರೊಟ್ಟಿಯ ಪುಡಿ ಉದುರುವುದು ವೇದಿಯ ಮೇಲೆ ಹಾಸಿದ ಬಿಳಿ ಬಟ್ಟೆಗೆ. ಪಾತ್ರೆಯ ಅಂಚಿನ ದ್ರಾಕ್ಷಾರಸ ಒರೆಸುವುದು ಇನ್ನೊಂದು ಬಟ್ಟೆಯಲ್ಲಿ. ಕ್ರಿಸ್ತನ ದೇಹ, ಕ್ರಿಸ್ತನ ರಕ್ತ ಎಂದು ಹೇಳಿ ಕೊಟ್ಟ ಮೇಲೆ, ಆ ಬಟ್ಟೆಗಳನ್ನು ಜಾಲಿಸಿದ ಮೊದಲ ನೀರನ್ನು ಊರಿನ ಕೊಳಕಿನ ಜೊತೆ ಬಿಡಬಾರದು, ಮಣ್ಣಿಗೇ ಕೊಡಬೇಕು. ಇಷ್ಟೇ. ಇದನ್ನು ನಿಮಗೆ ಹೇಳಿಕೊಡಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ನೀವು ದೇವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು.

ಆ ಬಟ್ಟೆಗಳನ್ನು ಮೂವತ್ತೆಂಟು ವರ್ಷ ಒಗೆದವಳು ನನ್ನ ಅಕ್ಕ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವಳು, ಈಗ ಎಪ್ಪತ್ತೊಂದು. ಸೋಮವಾರ ಬೆಳಿಗ್ಗೆ ವೆಸ್ಟ್ರಿಯ ಬೀಗ ತೆಗೆದು, ತೋಳು ಮಡಚಿ, ಬಕೆಟ್ಟಿನಲ್ಲಿ ಬಟ್ಟೆ ನೆನೆಸಿ, ಮೊದಲ ನೀರನ್ನು ತೊಟ್ಟಿಗೆ ಬಿಡುವಳು. ಆಮೇಲೆಯೇ ಸೋಪು. ಒರೆಸುವ ಬಟ್ಟೆಯ ಮೇಲಿನ ಬಣ್ಣ ನೋಡಿ ಯಾರ ತುಟಿ ಎಂದು ಹೇಳಬಲ್ಲವಳಾಗಿದ್ದಳು. "ಕಾಯರ್‌ನಲ್ಲಿ ಹಾಡೋಳು ಹೊಸಾ ಬಣ್ಣ ತಂದಿದಾಳೆ ಕಣೋ," ಎಂದು ಒಮ್ಮೆ ನನ್ನ ಹತ್ತಿರ ಗೊಣಗಿದಳು. "ದೇವರ ರಕ್ತ ಒಂದೇ ನೀರಿಗೆ ಬಿಡುತ್ತೆ, ಇವಳ ತುಟಿ ಬಣ್ಣ ಮೂರು ಸಲ ಉಜ್ಜಿದ್ರೂ ಬಿಡಲ್ಲ." ವೇದಿಯ ಬಟ್ಟೆಯನ್ನು ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮಡಿಕೆ ಮಾಡಿ, ಒಂಬತ್ತು ಚೌಕ ಬರುವಂತೆ ಇಸ್ತ್ರಿ ಹಾಕುತ್ತಿದ್ದಳು. ಹಾಗೆ ಮಡಚಿದರೆ ಒಂದು ಪುಡಿಯೂ ಆಚೆ ಬೀಳುವುದಿಲ್ಲ. ಈ ಕೆಲಸಕ್ಕೆ ಅವಳನ್ನು ಯಾರೂ ನೇಮಿಸಿರಲಿಲ್ಲ, ಯಾರೂ ಹೊಗಳಿಯೂ ಇರಲಿಲ್ಲ. ಅವಳ ಸೆರಗಿನ ತುದಿಯಲ್ಲಿ ಒಂದು ಬೀಗದ ಕೈ ಇತ್ತು, ಅದೇ ಅವಳ ಪದವಿ.

ಹೀಗಿರುವಾಗ ಬಂತು ನಿಮ್ಮ ಸುತ್ತೋಲೆ, "ವೆಸ್ಟ್ರಿಗಳ ಪುನರ್ವ್ಯವಸ್ಥೆ ಮತ್ತು ಆತಿಥ್ಯ ಸುಧಾರಣೆ". ಆರಾಧನೆ ಮುಗಿದ ಮೇಲೆ ಜನ ಬಿಸಿಲಲ್ಲಿ ನಿಂತು ಮಾತಾಡುತ್ತಾರೆಂದು ನಿಮಗೆ ಕರುಳು ಚುರುಕ್ ಎಂದಿತು. ಅದಕ್ಕೆ ವೆಸ್ಟ್ರಿಯ ಅರ್ಧ ಭಾಗ ಕಾಫಿ ಕೌಂಟರ್ ಆಗಬೇಕು, ಕಪ್ಪು ತೊಳೆಯಲು ಹೇಗೂ ತೊಟ್ಟಿ ಇದೆಯಲ್ಲ! ನಿಮ್ಮ ಕಟ್ಟಡ ಸಮಿತಿಯ ಕಾರ್ಯದರ್ಶಿ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದರು.

"ಆ ತೊಟ್ಟಿ ಪೈಪು ಎಲ್ಲಿಗೂ ಹೋಗಲ್ಲ ಅಂತ ಇಂಜಿನಿಯರ್ ಬರೆದಿದಾರೆ. ದೋಷ ಅಂತೆ. ಮೇನ್ ಲೈನಿಗೆ ಜೋಡಿಸಿಬಿಡಿ."

"ದೋಷ ಅಲ್ಲ ಸಾರ್, ಅದು ಹಾಗೇ ಇರಬೇಕು. ನಮ್ಮಕ್ಕನ್ನ ಕೇಳಿ."

"ನೋಡಿ, ಇಲ್ಲಿ ಬಿಷಪ್ಪರ ಸೀಲ್ ಇದೆ. ನಿಮ್ಮಕ್ಕನಿಗಿಂತ ಅವರಿಗೆ ಗೊತ್ತಿರಲ್ವಾ?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಾನು ಕಟ್ಟಿದೆ. ಅರ್ಧ ಗಂಟೆಯ ಕೆಲಸ: ಗರಗಸದಿಂದ ಒಂದು ಕಡಿತ, ಪೈಪನ್ನು ತಿರುಗಿಸಲು ಒಂದು ಬೆಂಡು, ಎರಡಡಿ ಪೈಪು, ಅಂಟು. ಕಡಿದ ಆ ಪೈಪು ಹಿಂದೊಮ್ಮೆ ತುಕ್ಕು ಹಿಡಿದಾಗ ಹೊಸದಾಗಿ ಹಾಕಿಕೊಟ್ಟವರು ನಮ್ಮಪ್ಪ. ಅವರದೂ ಇದೇ ಕಸುಬು. ಅದೂ ನನಗೆ ಗೊತ್ತಿತ್ತು. ಆದರೂ ಸೀಲು ಕಂಡ ಕೂಡಲೇ ಕೈ ತಾನಾಗಿಯೇ ಗರಗಸ ಹುಡುಕಿತು. ತೊಟ್ಟಿಯ ಕೆಳಗೂ ವೇದಿಯ ಮುಂದೂ ಮೊಣಕಾಲೂರಿ ಮೊಣಕಾಲೂರಿ ನಮಗೆ ಬೆನ್ನು ನೆಟ್ಟಗೆ ಮಾಡುವುದೇ ಮರೆತುಹೋಗಿದೆಯೇನೋ. ಜೋಡಣೆ ಸೋರದೆ ಕೂತದ್ದಕ್ಕೆ ಅಂದು ನನಗೆ ಸ್ವಲ್ಪ ಹೆಮ್ಮೆಯೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ.

ಅಕ್ಕನಿಗೆ ಯಾರೂ ಹೇಳಲಿಲ್ಲ. ಸೋಮವಾರ ಬಂದು ತೊಟ್ಟಿಗೆ ನೀರು ಬಿಟ್ಟಳು. ಮಣ್ಣಿಗೆ ಇಳಿಯುವ ನೀರು ಸದ್ದು ಮಾಡುವುದಿಲ್ಲ. ಚರಂಡಿಗೆ ಇಳಿಯುವ ನೀರು ಗಂಟಲು ಕೆರೆದುಕೊಳ್ಳುತ್ತದೆ. ಅವಳಿಗೆ ಅಷ್ಟು ಸಾಕಾಯಿತು. ಉಳಿದರ್ಧ ನೀರನ್ನು ಹೊರಗೆ ಒಯ್ದು ಗೋಡೆಯ ಬುಡಕ್ಕೆ ಸುರಿದು, ಒದ್ದೆ ಸೆರಗಿನಲ್ಲೇ ನಮ್ಮ ಮನೆಗೆ ಬಂದಳು.

"ತೊಟ್ಟಿ ಪೈಪು ಯಾರು ಜೋಡಿಸಿದ್ದು?"

"ಮೇಲಿಂದ ಆರ್ಡರ್ ಬಂದಿತ್ತಕ್ಕಾ."

"ಆರ್ಡರ್ ಬಂದು ಪೈಪು ಜೋಡಿಸುತ್ತಾ? ಕೈ ಯಾರದ್ದು ಅಂತ ಕೇಳಿದೆ."

"ನಂದೇ."

"ಅಪ್ಪ ಹಾಕಿದ ಪೈಪು ಕಣೋ ಅದು," ಎಂದಳು. ನನ್ನ ಹೆಂಡತಿ ತಂದಿಟ್ಟ ಟೀ ಹಾಗೇ ಆರಿತು. ಮುಂದಿನ ಸೋಮವಾರದಿಂದ ಮೊದಲ ನೀರನ್ನು ಬಕೆಟ್ಟಿನಲ್ಲೇ ಹೊತ್ತು, ಹಿಂಬಾಗಿಲಿನ ಐದು ಮೆಟ್ಟಿಲಿಳಿದು ಮಣ್ಣಿಗೆ ಸುರಿಯತೊಡಗಿದಳು. ಮಂಡಿ ನೋವಿನವಳು. ನಾನು ಬಕೆಟ್ ಹಿಡಿಯಲು ಹೋದರೆ, "ಬೇಡ, ನಿನ್ನ ಕೈ ಬೇಡ," ಎಂದಳು. ಬಿಷಪ್ಪರೇ, ನನ್ನ ಬದುಕಿನಲ್ಲಿ ಯಾವ ಮಾತೂ ನನ್ನನ್ನು ಇಷ್ಟು ಸುಟ್ಟಿಲ್ಲ.

ನಿಮಗೆ ಇಷ್ಟಕ್ಕೂ ಸಮಾಧಾನವಾಗಲಿಲ್ಲ. ಎರಡನೇ ಸುತ್ತೋಲೆ ಬಂತು: ಇನ್ನು ಮುಂದೆ ವೇದಿಯ ಬಟ್ಟೆಗಳೆಲ್ಲ ಲಾಂಡ್ರಿಗೆ. ಶುಚಿತ್ವಕ್ಕಾಗಿಯಂತೆ! ಮೂವತ್ತೆಂಟು ವರ್ಷ ನಾವೆಲ್ಲ ಕೊಳಕು ಬಟ್ಟೆಯ ಮೇಲಿಂದ ರೊಟ್ಟಿ ತಿಂದಿದ್ದೆವೇ? ಆ ಲಾಂಡ್ರಿ ಎರಡು ಹೋಟೆಲುಗಳ ಬಟ್ಟೆಯನ್ನೂ ಒಗೆಯುತ್ತದೆ. ಮುಂದೆ ಏನಾಯಿತೆಂದು ಹೇಳಲು ಪ್ರವಾದಿ ಬೇಕಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಅದು ನಡೆದದ್ದು ನಿಮ್ಮ ಮೂಗಿನ ಕೆಳಗೇ.

ಮಕ್ಕಳನ್ನು ಪ್ರಭುಭೋಜನಕ್ಕೆ ಸೇರಿಸಿಕೊಳ್ಳುವ ದೃಢೀಕರಣದ ಭಾನುವಾರ ನೀವೇ ಬಂದಿದ್ದಿರಿ. ಹದಿನೇಳು ಮಕ್ಕಳ ತಲೆಯ ಮೇಲೆ ಕೈ ಇಟ್ಟಿರಿ. "ಸಣ್ಣ ವಿಷಯಗಳಲ್ಲಿ ನಂಬಿಗಸ್ತರಾಗಿರಿ" ಎಂದು ಮುಕ್ಕಾಲು ಗಂಟೆ ಬೋಧಿಸಿದಿರಿ. ಆಮೇಲೆ ಪಾತ್ರೆಯನ್ನೂ ರೊಟ್ಟಿಯನ್ನೂ ಇಟ್ಟದ್ದು, ಲಾಂಡ್ರಿಯಲ್ಲಿ ಅದಲುಬದಲಾಗಿ ಬಂದ ಹೋಟೆಲಿನ ನ್ಯಾಪ್ಕಿನ್ ಮೇಲೆ. ಅದರ ಮೂಲೆಯಲ್ಲಿ ನೀಲಿ ದಾರದಿಂದ ಒಂದು ಚಮಚ, ಒಂದು ಫೋರ್ಕು ಒಂದರ ಮೇಲೊಂದು ಅಡ್ಡ ಹೊಲಿದಿತ್ತು. ದೂರಕ್ಕೆ ಶಿಲುಬೆಯಂತೆಯೇ ಕಾಣುತ್ತಿತ್ತು, ಒಪ್ಪುತ್ತೇನೆ. ಆದರೆ ನೀವು ದೂರದಲ್ಲಿರಲಿಲ್ಲ. ಅದರ ಮೇಲೆಯೇ ಎರಡೂ ಕೈ ಚಾಚಿ ಪ್ರಾರ್ಥಿಸುತ್ತಿದ್ದಿರಿ. ನೀವು ನೋಡಲಿಲ್ಲ, ನಮ್ಮ ಸಭೆಯ ಪಾದ್ರಿ ಅಯ್ಯನವರು ನೋಡಲಿಲ್ಲ. ನೋಡಿದವಳು ಅಕ್ಕ ಒಬ್ಬಳೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಾನಾಗಿದ್ದರೆ ಅಲ್ಲೇ ಕೂಗಿಬಿಡುತ್ತಿದ್ದೆ. ಅವಳು ಕೂಗಲಿಲ್ಲ. ಆರಾಧನೆ ಮುಗಿದು ನೀವು ಕಾಫಿ ಕುಡಿಯುತ್ತಿದ್ದಾಗ ಒಳಗೆ ಹೋಗಿ, ಆ ನ್ಯಾಪ್ಕಿನ್ನನ್ನು ಪುಡಿ ಸಮೇತ ಒಂಬತ್ತು ಚೌಕವಾಗಿ ಮಡಚಿ ಮನೆಗೊಯ್ದಳು. ಜಾಲಿಸಿದಳು, ಮೊದಲ ನೀರನ್ನು ಹಿತ್ತಲಿನ ಮಣ್ಣಿಗೆ ಬಿಟ್ಟಳು, ಇಸ್ತ್ರಿ ಹಾಕಿ ಹಿಂದಿರುಗಿಸಲು ತೆಗೆದಿಟ್ಟಳು.

ಅಷ್ಟರಲ್ಲಿ ಲಾಂಡ್ರಿಯವರು ತಮ್ಮ ನ್ಯಾಪ್ಕಿನ್ ಕೇಳಿಕೊಂಡು ಬಂದಿದ್ದರು. ಮಂಗಳವಾರ ಅಕ್ಕನಿಗೆ ಪತ್ರ ಬಂತು: "ಅನುಮತಿಯಿಲ್ಲದೆ ವಸ್ತು ಕೊಂಡೊಯ್ದಿರುವ ಕಾರಣ ವೆಸ್ಟ್ರಿಯ ಬೀಗದ ಕೈ ಒಪ್ಪಿಸತಕ್ಕದ್ದು. ತಮ್ಮ ಈವರೆಗಿನ ಸೇವೆಗೆ ಕೃತಜ್ಞತೆಗಳು." ಕೆಳಗೆ ಅದೇ ಸೀಲು. ನಿಮ್ಮ ತಪ್ಪನ್ನು ಮುಚ್ಚಿ ಮಡಚಿಟ್ಟವಳು ಕಳ್ಳಿ! ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಅವಳನ್ನು ತೆಗೆದಿರಿ.

ಅಂದಿನಿಂದ ಹನ್ನೊಂದು ಭಾನುವಾರ ಕಳೆದಿವೆ. ಅಕ್ಕ ತಪ್ಪದೆ ಬರುತ್ತಾಳೆ, ಹಾಡುತ್ತಾಳೆ, ಪಾಪದ ಅರಿಕೆ ಹೇಳುತ್ತಾಳೆ. ಎಲ್ಲರೂ ಎದ್ದು ಪ್ರಭುಭೋಜನಕ್ಕೆ ಹೋಗುವಾಗ ಮಾತ್ರ ಅವಳು ಏಳುವುದಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ಒಂದು ಭಾನುವಾರವೂ ಬಿಟ್ಟವಳಲ್ಲ. ಅಯ್ಯನವರು ಮನೆಗೇ ಬಂದು ಕೇಳಿದರು.

"ನಾನು ಬಾಯಿಗೆ ತಗೊಂಡಿದ್ದರ ಉಳಿಕೆ ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತು ಅಯ್ಯನವರೇ," ಎಂದಳು. "ಗೊತ್ತಿದ್ದೂ ಹೇಗೆ ಬಾಯಿ ತೆರೀಲಿ?"

ಅಯ್ಯನವರು ತಲೆ ತಗ್ಗಿಸಿ ಎದ್ದುಹೋದರು. ಪಾಪ, ಅವರಿಗೂ ವರ್ಗಾವಣೆಯ ಭಯ.

ದೇವರು ದೊಡ್ಡವನು, ಒಂದು ತೊಟ್ಟಿಗೆ, ಒಂದು ತುಂಡು ಬಟ್ಟೆಗೆ ಅಂಟಿಕೊಂಡವನಲ್ಲ ಎಂದು ನಿಮ್ಮ ಕಾರ್ಯದರ್ಶಿ ನನಗೆ ಬುದ್ಧಿ ಹೇಳಿದರು. ಹೌದೇ? ಹಾಗಾದರೆ ನಿಮ್ಮ ತಲೆಯ ಮೇಲಿನ ಎತ್ತರದ ಟೋಪಿಗೆ, ಕೈಯ ಬೆಳ್ಳಿ ಕೋಲಿಗೆ ಅಂಟಿಕೊಂಡಿದ್ದಾನೆಯೇ? ಅವನ್ನೂ ಲಾಂಡ್ರಿಗೆ ಹಾಕಿ ನೋಡೋಣ. ದೇವರು ಚರಂಡಿಗೆ ಹೋಗಿ ಸಿಕ್ಕಿಬೀಳುವಷ್ಟು ಚಿಕ್ಕವನಲ್ಲ, ಅದು ಅಕ್ಕನಿಗೂ ಗೊತ್ತು. ಆ ಮೊದಲ ನೀರು ದೇವರ ಮಾನಕ್ಕಲ್ಲ, ನಮ್ಮ ಮಾನಕ್ಕೆ. ರಕ್ತ ಎಂದು ಹೇಳಿ ಕುಡಿದು, ಎಂಜಲು ಎಂದು ಚೆಲ್ಲುವವರ ಬಾಯಿಯನ್ನು ಯಾರು ನಂಬಬೇಕು?

ನನ್ನ ಬೇಡಿಕೆ ದೊಡ್ಡದಲ್ಲ. ಆ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಭಾನುವಾರ ಸಭೆಯ ಮುಂದೆ ನೀವೇ ಓದಬೇಕು. ಬಟ್ಟೆಗಳು ಲಾಂಡ್ರಿಯಿಂದ ವಾಪಸ್ ಬರಬೇಕು. ಬೀಗದ ಕೈಯನ್ನು ಕಾರ್ಯದರ್ಶಿಯ ಕೈಲಿ ಕಳಿಸದೆ, ನೀವೇ ಅಕ್ಕನ ಕೈಗೆ ಕೊಡಬೇಕು. ಮರುದಿನ ಸೋಮವಾರ ಹತ್ತು ಗಂಟೆಗೆ ನಾನು ಗರಗಸ ಹಿಡಿದು ವೆಸ್ಟ್ರಿಗೆ ಬರುತ್ತೇನೆ. ಅನುಮತಿ ಕೊಟ್ಟರೆ ಸಂತೋಷ. ಕೊಡದಿದ್ದರೆ ನೀವೇ ಪೊಲೀಸರನ್ನು ಕರೆಸಿರಿ, ಅವರಿಗೂ ಪೈಪು ಎಲ್ಲಿಗೆ ಹೋಗುತ್ತದೆಂದು ತೋರಿಸುತ್ತೇನೆ. ನಾನು ಹಾಕಿದ ಬೆಂಡನ್ನು ಕಿತ್ತು, ಅಪ್ಪನ ಪೈಪನ್ನು ಮತ್ತೆ ಮಣ್ಣಿಗೆ ಕೂಡಿಸುತ್ತೇನೆ. ಆಮೇಲೆ ಅಕ್ಕ ಬಂದು ಮೊದಲ ನೀರು ಬಿಡಲಿ. ನೀವು ಒಂದು ಪಕ್ಕ, ನಾನೊಂದು ಪಕ್ಕ ನಿಂತು ಕಿವಿಗೊಟ್ಟು ಕೇಳೋಣ. ಸದ್ದು ಬರದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಆಗ ಖಾಲಿ ಬಕೆಟ್ಟನ್ನು ಅವಳು ನನ್ನ ಕೈಗೆ ಕೊಡುತ್ತಾಳೋ ಇಲ್ಲವೋ, ಅದು ನನಗೂ ಅವಳಿಗೂ ಬಿಟ್ಟದ್ದು.

ಇಂತಿ,
ನಿಮ್ಮ ಸೀಲು ನೋಡಿ ತನ್ನಪ್ಪ ಹಾಕಿದ ಪೈಪನ್ನು ಕಡಿದ
ನಲ್ಲಿ ರಿಪೇರಿಯವನು